ಮದ್ರಾಸಮ್ಮ ಒಡೆದುಕೊಂಡ ಬಳೆ

ಹೋದ ತಿಂಗಳು ಹಾಸನದ ಒಂದು ಶಾಲೆಯವರು ವಾರ್ಷಿಕೋತ್ಸವಕ್ಕೆ ನನ್ನನ್ನು ಕರೆದಿದ್ದರು. ರಿಟೈರಾದ ಮೇಡಂ, ಎಂಬತ್ತು ದಾಟಿದ ಮುದುಕಿ, ಭಾಷಣ ಬೇಗ ಮುಗಿಸುತ್ತಾಳೆ ಅನ್ನುವ ನಂಬಿಕೆ ಇರಬೇಕು ಪಾಪ. ಕೂರಿಸಲು ಬೇರೆ ಜಾಗವಿಲ್ಲದೆ ಮಕ್ಕಳಿಗೆ ಬಣ್ಣ ಹಚ್ಚುತ್ತಿದ್ದ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟರು. ಅಲ್ಲೊಬ್ಬ ಮೇಷ್ಟ್ರು ಒಬ್ಬ ಪುಟ್ಟ ಹುಡುಗಿಗೆ ಮೀಸೆ ಅಂಟಿಸುತ್ತಿದ್ದರು. ಅದಕ್ಕೊಂದು ಅಂಟು ಬರುತ್ತದೆ, ಸ್ಪಿರಿಟ್ ಗಮ್ ಅಂತ. ಆ ಸೀಸೆಯ ಬಿರಡೆ ತೆಗೆದರು ನೋಡಿ... ಕರ್ಪೂರವೂ ಅಲ್ಲ, ಸೀಮೆಎಣ್ಣೆಯೂ ಅಲ್ಲ, ಮೂಗಿಗೆ ಚುರ್ ಅನ್ನುವ ಆ ವಾಸನೆ. ಅರವತ್ತು ವರ್ಷದ ಹಿಂದೆ ಹೊಳೆನರಸೀಪುರದ ನಮ್ಮ ಬೀದಿಯ ಒಂದು ಮನೆಯಲ್ಲಿ ಕಬ್ಬಿಣದ ಟ್ರಂಕಿನ ಮುಚ್ಚಳ ಎತ್ತಿದರೆ ಇದೇ ವಾಸನೆ ಬರುತ್ತಿತ್ತು. ನನಗೆ ಕಣ್ಣು ತುಂಬಿ ಬಂತು. ಮೀಸೆಯ ಹುಡುಗಿ ನನ್ನನ್ನೇ ನೋಡಿ, "ಅಜ್ಜಿ, ನಿಮ್ಗೂ ಉರೀತದಾ?" ಅಂದಳು. ಹೂಂ ಕಣವ್ವ ಅಂದೆ.

ಆ ಟ್ರಂಕು ಮದ್ರಾಸಮ್ಮನವರದು. ಅಪ್ಪ ಅಮ್ಮ ಇಟ್ಟ ಹೆಸರು ಒಂದಿತ್ತು, ಸಿನಿಮಾದ ಹೆಸರು ಇನ್ನೊಂದಿತ್ತು. ನಮ್ಮ ಬೀದಿಯವರು ಎರಡನ್ನೂ ಬಳಸಲಿಲ್ಲ. ಮದ್ರಾಸಿನಿಂದ ಬಂದವರು, ಆದ್ದರಿಂದ ಮದ್ರಾಸಮ್ಮ. ಅವರ ಗಂಡ ಹಾರ್ಮೋನಿಯಂ ನುಡಿಸುತ್ತಿದ್ದರು, ಆದ್ದರಿಂದ ಅವರು ಮೇಷ್ಟ್ರು. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ನಮ್ಮಪ್ಪ ಪೇಟೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದರು.

ಮದ್ರಾಸಮ್ಮ ಹುಟ್ಟಿದ್ದು ಅರಕಲಗೂಡಿನಾಚೆ, ರಾಮನಾಥಪುರದ ಹತ್ತಿರದ ಒಂದು ಹಳ್ಳಿಯಲ್ಲಿ. ಅರಕಲಗೂಡಿನಲ್ಲಿ ಯಾವುದೋ ನಾಟಕದ ಕಂಪನಿ ಬೀಡು ಬಿಟ್ಟಿದ್ದಾಗ ಅವರ ತಾಯಿ ಅಲ್ಲಿ ಅಡುಗೆ ಕೆಲಸಕ್ಕೆ ಸೇರಿದ್ದರಂತೆ. ಬಾಲಪಾತ್ರದ ಹುಡುಗನಿಗೆ ಸಿಡುಬಾಗಿ ಮೈಮೇಲೆ ಅಮ್ಮ ಎದ್ದ ದಿನ ಎಂಟು ವರ್ಷದ ಇವರಿಗೆ ಕಿರೀಟ ಕಟ್ಟಿ ರಂಗಕ್ಕೆ ತಳ್ಳಿದರು. ಕಂಪನಿ ಊರು ಬಿಟ್ಟಾಗ ತಾಯಿ ಮಗಳು ಇಬ್ಬರೂ ಅದರ ಜೊತೆಗೇ ಹೊರಟರು. ಅಲ್ಲೇ ಬೆಳೆದು, ಅಲ್ಲೇ ಮೇಷ್ಟ್ರನ್ನು ಕಟ್ಟಿಕೊಂಡು, ಐವತ್ತರ ದಶಕ ಶುರುವಾದಾಗ ಮದ್ರಾಸಿಗೆ ಹೋದರು. ಆಗ ಕನ್ನಡ ಸಿನಿಮಾ ತಯಾರಾಗುತ್ತಿದ್ದುದೂ ಅಲ್ಲೇ ತಾನೆ? ಮೊದಲ ಎರಡು ಚಿತ್ರಗಳಲ್ಲಿ ಅವರೇ ನಾಯಕಿ. ಮೂರನೆಯದರಲ್ಲಿ ಕಡೆಯ ಹತ್ತು ನಿಮಿಷ ಗಂಡ ಸತ್ತವಳಾಗಿ ಅಳಬೇಕಿತ್ತು. ಅತ್ತರು. ಅತ್ತಿದ್ದೇ ತಪ್ಪಾಯಿತು. ಊರೂರಿನ ಟೆಂಟಿನಲ್ಲಿ ಜನ ಅವರ ಜೊತೆಗೆ ಅತ್ತರು. ಅಲ್ಲಿಂದಾಚೆಗೆ ಯಾವ ನಿರ್ಮಾಪಕ ಮನೆಗೆ ಬಂದರೂ ಕಂಕುಳಲ್ಲಿ ಬಿಳೀ ಸೀರೆ ಇಟ್ಟುಕೊಂಡೇ ಬರುತ್ತಿದ್ದನಂತೆ. ಇಪ್ಪತ್ತಾರನೇ ವಯಸ್ಸಿಗೆ, ತಮಗಿಂತ ನಾಲ್ಕು ವರ್ಷ ದೊಡ್ಡವನಾದ ನಟನಿಗೆ ವಿಧವೆ ತಾಯಿಯಾದರು. "ಅವ್ನು ನನ್ ಕಾಲಿಗ್ ಬಿದ್ದು ಅವ್ವಾ ಅನ್ನೋನು. ಶಾಟ್ ಮುಗುದ್ಮೇಲೆ ಎದ್ದು, ಅಮ್ಮಯ್ಯ ಒಂದ್ ಎಲೆ ಅಡಿಕೆ ಇದ್ರೆ ಕೊಡಿ ಅನ್ನೋನು," ಅಂತ ಹೇಳಿ ತೊಡೆ ತಟ್ಟಿಕೊಂಡು ನಗುತ್ತಿದ್ದರು. ಆ ನಗು ನಮ್ಮ ಅಡುಗೆಮನೆಗೆ ಕೇಳಿಸುತ್ತಿತ್ತು.

ಮೇಷ್ಟ್ರಿಗೆ ಉಬ್ಬಸ. ಸಮುದ್ರದ ಗಾಳಿ ಅವರಿಗೆ ಆಗಲಿಲ್ಲ. ಇವರಿಗೂ ಪಾತ್ರಗಳು ಕಡಿಮೆಯಾಗುತ್ತಾ ಬಂದಿದ್ದವು. ಅದಕ್ಕೇ ಐವತ್ತರ ದಶಕದ ಕೊನೆಯಲ್ಲಿ ಹೊಳೆನರಸೀಪುರಕ್ಕೆ ಬಂದು ಮನೆ ಮಾಡಿದರು. ಆಗಾಗ ಕಾಗದ ಬಂದರೆ ಮದ್ರಾಸಿಗೆ ಹೋಗಿ, ಎಂಟು ಹತ್ತು ದಿನ ಅತ್ತು, ವಾಪಸ್ ಬರುವರು.

ನನಗೆ ಆಗ ಹದಿನಾರು. ಹೊತ್ತು ಸಿಕ್ಕಾಗಲೆಲ್ಲ ಅವರ ಮನೆಯಲ್ಲೇ ಇರುತ್ತಿದ್ದೆ. ಟ್ರಂಕು ತೆಗೆದು ಮುಖಕ್ಕೆ ಹಚ್ಚುವ ಬಣ್ಣದ ಡಬ್ಬಿ, ಸವುರಿ ಕೂದಲು, ಗಿಲೀಟಿನ ಒಡವೆ ಎಲ್ಲ ಹರಡಿಕೊಂಡು ಕೂತರೆ ಹೊತ್ತು ಹೋಗಿದ್ದೇ ತಿಳಿಯುತ್ತಿರಲಿಲ್ಲ. ಸಿನಿಮಾದಲ್ಲಿ ಬಳೆ ಒಡೆಯುವ ಶಾಟ್ ಹೇಗೆ ತೆಗೆಯುತ್ತಾರೆ ಅಂತ ಹೇಳಿದ್ದರು. ಗಂಡ ಇರುವ ನಟಿಯಾದರೆ ತಾಳಿ ಬಿಚ್ಚುವ ಹಾಗಿಲ್ಲ, ರವಿಕೆಯ ಒಳಗೆ ಪಿನ್ನು ಹಾಕಿ ಬಚ್ಚಿಡಬೇಕು. ಬಳೆ ಒಡೆದು, ಕುಂಕುಮ ಅಳಿಸಿ, ಕಟ್ ಅಂದ ಕೂಡಲೇ ಸೆಟ್ಟಿನ ಹುಡುಗ ತಟ್ಟೆಯಲ್ಲಿ ಹೊಸ ಬಳೆ, ಹೂವು, ಅರಿಶಿನ ಕುಂಕುಮ ಇಟ್ಟುಕೊಂಡು ಓಡಿ ಬರಬೇಕು. ಒಂದು ಕುಂಬಳಕಾಯಿಯನ್ನೂ ಒಡೆಯಬೇಕು. "ಒಂದ್ ಸಲ ಮೂರು ರೀಟೇಕ್ ಆಗಿ ಹಸಿರ್ ಬಳೆ ಎಲ್ಲಾ ಖಾಲಿ! ಆ ಹುಡ್ಗ ಅಂಗ್ಡಿಗೆ ಓಡಿ ಬರೋ ತನ್ಕ ನಾನು ಬರಿಗೈಲಿ ಕೂತಿದ್ದೆ. ಆಗ ಮಾತ್ರ ರವಿಕೆ ಒಳ್ಗಿನ ತಾಳಿ ಇದ್ಯಾ ಅಂತ ಎರಡ್ ಸಲ ಮುಟ್ಟಿ ನೋಡ್ಕೊಂಡೆ ಕಣವ್ವ." ಒಟ್ಟು ಹನ್ನೊಂದು ಚಿತ್ರಗಳಲ್ಲಿ ಹೀಗೆ ಬಳೆ ಒಡೆದುಕೊಂಡಿದ್ದರು. ಜಗಲಿಯ ಮೇಲೆ ಕೂತ ಮೇಷ್ಟ್ರು ಕೆಮ್ಮಿಕೊಂಡೇ, "ಹನ್ನೊಂದು ಸಲ ಕೊಂದವ್ಳೆ ನನ್ನ. ನಾನಿನ್ನೂ ಕಾಫಿ ಕುಡೀತಾ ಕೂತಿವ್ನಿ," ಅನ್ನುತ್ತಿದ್ದರು.

ಇದೆಲ್ಲ ತಮಾಷೆಯಾಗಿಯೇ ಇರುತ್ತಿತ್ತೋ ಏನೋ, ನಮ್ಮೂರಿಗೆ ಟೂರಿಂಗ್ ಟಾಕೀಸಿನವರು ಅವರ ಚಿತ್ರವನ್ನು ತರದೇ ಹೋಗಿದ್ದರೆ. ಹೊಳೆಯ ಕಡೆಯ ಬಯಲಿನಲ್ಲಿ ಟೆಂಟು ಎದ್ದಿತು. ಬೀದಿಯ ಹೆಂಗಸರೆಲ್ಲ ಸಂಜೆಯಾಟಕ್ಕೆ ಹೋಗಿ, ನೆಲದ ಟಿಕೆಟ್ ತೆಗೆಸಿ, ಮರಳು ಗುಡ್ಡೆ ಮಾಡಿಕೊಂಡು ಕೂತರು. ಪರದೆಯ ಮೇಲೆ ನಮ್ಮ ಪಕ್ಕದ ಮನೆಯವರು ಬಳೆ ಒಡೆದುಕೊಂಡರು, ಕುಂಕುಮ ಅಳಿಸಿಕೊಂಡರು, ಸೀರೆಯ ಸೆರಗು ಕಚ್ಚಿಕೊಂಡು ಅತ್ತರು. ಹೆಂಗಸರು ಮೂಗು ಸೀಟಿ ಸೀಟಿ ಸುಸ್ತಾದರು. ಮಾರನೇ ದಿನ ಬೆಳಿಗ್ಗೆ ಅದೇ ಮದ್ರಾಸಮ್ಮ ಹಣೆಯಲ್ಲಿ ಕಾಸಗಲ ಕುಂಕುಮ ಇಟ್ಟುಕೊಂಡು ಸೊಪ್ಪು ಕೊಳ್ಳಲು ಹೊರಗೆ ಬಂದರು.

ಮೂಲೆಮನೆ ಅಜ್ಜಿ ಅಂತ ಒಬ್ಬರಿದ್ದರು. ಬೀದಿಯ ಹಬ್ಬ ಹುಣ್ಣಿಮೆ, ಶಾಸ್ತ್ರ ಸಂಪ್ರದಾಯ ಎಲ್ಲಕ್ಕೂ ಅವರೇ ಹೈಕೋರ್ಟು. ಅವರು ನಡುಬೀದಿಯಲ್ಲಿ ನಿಂತು, "ನೆನ್ನೆ ತಾನೆ ಬಳೆ ಒಡ್ಕಂಡ್ಲಲ್ಲೇ ಇವ್ಳು!" ಅಂದರು. "ಅಜ್ಜಿ, ಅದು ಸಿನಿಮಾ," ಅಂದೆ. ಅಜ್ಜಿ ನನ್ನ ಕಡೆ ತಿರುಗಿ, "ಸಿನಿಮಾ ಆದ್ರೇನೇ? ಬಳೆ ಒಡುದ್ರೆ ಒಡ್ದಂಗೇಯ. ಅಣೆ ಮ್ಯಾಲಿಂದು ಅಳ್ಸುದ್ರೆ ಅಳ್ಸಿದಂಗೇಯ. ದೇವ್ರಿಗೆ ಸಿನಿಮಾ ಗಿನಿಮಾ ಗೊತ್ತಾದದಾ?" ಅಂದರು.

ತೀರ್ಪು ಆಗಿಹೋಯಿತು. ಆ ವರ್ಷದ ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಕರೆಯಲು ಹುಡುಗಿಯರು ಮನೆ ಮನೆಗೆ ಹೋದರು, ಅವರ ಮನೆಯೊಂದನ್ನು ಬಿಟ್ಟರು. ಮದ್ರಾಸಮ್ಮ ರೇಷ್ಮೆ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದನ್ನು ನಾನು ನೋಡಿದೆ. ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದರು. ಮೂರು ವರ್ಷವೂ ಹೀಗೇ ನಡೆಯಿತು.

ನನಗೆ ಹತ್ತೊಂಬತ್ತು ತುಂಬುವ ಮೊದಲೇ ಚನ್ನರಾಯಪಟ್ಟಣದಲ್ಲಿ ಗಂಡು ಗೊತ್ತಾಯಿತು. ತೆಂಗಿನಕಾಯಿ ಮಂಡಿಯವರ ಮನೆ. ನನಗೆ ಅರಿಶಿನ ಹಚ್ಚಿ ಬಳೆ ತೊಡಿಸಲು ಐದು ಜನ ಮುತ್ತೈದೆಯರು ಬೇಕಿತ್ತು. ಐದರಲ್ಲಿ ಒಬ್ಬರು ಮದ್ರಾಸಮ್ಮನೇ ಆಗಬೇಕು, ಇಲ್ಲದಿದ್ದರೆ ಹಸೆಮಣೆಯ ಮೇಲೆ ಕೂರಲ್ಲ ಅಂತ ನಾನು ಹಟ ಹಿಡಿದೆ. ಅವ್ವ ಬೈದಳು, ಅತ್ತಳು, ಕೊನೆಗೆ ಅಪ್ಪ, "ಊಟಕ್ಕೆ ಬಂದೋರೆಲ್ಲ ಮುತ್ತೈದೇರೇಯ, ಸುಮ್ನಿರೇ," ಅಂದು ಮುಗಿಸಿದರು. ಮೂಲೆಮನೆ ಅಜ್ಜಿ ಮುಖ ಗಂಟಿಕ್ಕಿಕೊಂಡು ಕೂತರು. ಮದ್ರಾಸಮ್ಮ ಬಂದು ನನ್ನ ಕೆನ್ನೆಗೆ ಅರಿಶಿನ ಹಚ್ಚುವ ಮೊದಲು, ಹಚ್ಚಲಾ ಅನ್ನುವ ಹಾಗೆ ಅವ್ವನ ಮುಖ ನೋಡಿದರು. ಸಾವಿರ ಜನದ ಮುಂದೆ ನಿಂತವರು!

ಮದುವೆಯಾಗಿ ಹದಿನಾಲ್ಕು ತಿಂಗಳಿಗೆ ನನ್ನ ಗಂಡ ತೀರಿಕೊಂಡರು. ವಿಷಮಶೀತ ಜ್ವರ. ಮೊದಲ ವಾರ ಕಷಾಯದಲ್ಲೇ ಕಳೆಯಿತು. ಆಮೇಲೆ ಹಾಸನದ ಆಸ್ಪತ್ರೆಗೆ ಸೇರಿಸಿದರು, ಅಷ್ಟು ಹೊತ್ತಿಗೆ... ಒಳ್ಳೆಯ ಮನುಷ್ಯ. ಸಂಜೆ ಮಂಡಿಯಿಂದ ಬರುವಾಗ ಒಂದು ಎಳನೀರು ನನಗೇ ಅಂತ ಎತ್ತಿಟ್ಟುಕೊಂಡು ಬರುತ್ತಿದ್ದರು. ಅವರ ಬಗ್ಗೆ ಇಷ್ಟಕ್ಕಿಂತ ಹೆಚ್ಚು ಬರೆಯಲು ನನಗೆ ಇವತ್ತಿಗೂ ಆಗುವುದಿಲ್ಲ.

ಸುದ್ದಿ ತಿಳಿದ ದಿನವೇ ಮೂಲೆಮನೆ ಅಜ್ಜಿ, "ನಾನ್ ಬಡ್ಕಂಡೆ, ಯಾರೂ ಕೇಳ್ನಿಲ್ಲ," ಅಂದರಂತೆ. ಆ ಅರಿಶಿನದ ಕೈಯಿಂದಲೇ ಹೀಗಾಯಿತು ಅಂತ ಅವ್ವ ಪೂರಾ ನಂಬಿದಳು. ಮದ್ರಾಸಮ್ಮ ಸಮಾಧಾನ ಹೇಳಲು ಬಂದರೆ ಅವರ ಮುಖಕ್ಕೆ ಹೊಡೆದ ಹಾಗೆ ಬಾಗಿಲು ಹಾಕಿದಳು. ಅವ್ವನನ್ನು ಯಾಕೆ ಅನ್ನಲಿ? ನಾನೂ ನಂಬಿದೆ. ಅದನ್ನು ಮುಚ್ಚಿಟ್ಟರೆ ಈ ಬರಹಕ್ಕೆ ಅರ್ಥವಿಲ್ಲ. ಅಷ್ಟು ಹಟ ಮಾಡಿ ಅವರನ್ನು ಕರೆಸಿದವಳೇ, ಚನ್ನರಾಯಪಟ್ಟಣದ ಮನೆಯ ಮೂಲೆಯಲ್ಲಿ ಚಾಪೆಯ ಮೇಲೆ ಕೂತು, ನೋಡಲು ಬಂದ ಅಪ್ಪನ ಕೈಲಿ, "ಅವ್ರು ಮಾತ್ರ ಇಲ್ಲಿಗ್ ಬರೋದ್ ಬ್ಯಾಡ," ಅಂತ ಹೇಳಿ ಕಳಿಸಿದೆ. ಅಪ್ಪ ಅದನ್ನು ಅವರಿಗೆ ಹೇಳಿದರು ಕೂಡ.

ಹನ್ನೊಂದನೇ ದಿನ ಬಳೆ ಒಡೆಯುವ ಶಾಸ್ತ್ರ. ಆಗ ನಮ್ಮ ಕಡೆ ಅದು ಹೇಗೆ ನಡೆಯುತ್ತಿತ್ತು ಅಂತ ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಮೊದಲು ತಲೆ ಬಾಚಿ ಹೂವು ಮುಡಿಸುತ್ತಾರೆ. ಅರಿಶಿನ ಬಳಿದು, ದೊಡ್ಡ ಕುಂಕುಮ ಇಟ್ಟು, ಎರಡೂ ಕೈ ತುಂಬ ಹಸಿರು ಬಳೆ ತೊಡಿಸುತ್ತಾರೆ. ಮದುವೆಯ ದಿನಕ್ಕಿಂತ ಹೆಚ್ಚು ಸಿಂಗಾರ. ಆಮೇಲೆ ಕೆರೆಯ ಹತ್ತಿರ ಕರೆದುಕೊಂಡು ಹೋಗಿ ಎಲ್ಲವನ್ನೂ ತೆಗೆಯುತ್ತಾರೆ. ಅಲ್ಲಿಂದ ಮುಂದೆ ಆ ಹೆಣ್ಣು ಯಾವ ಶುಭಕ್ಕೂ ಎದುರು ಬರುವ ಹಾಗಿಲ್ಲ, ಹಿತ್ತಿಲ ಬಾಗಿಲೇ ಗತಿ. ನನಗೆ ಇಪ್ಪತ್ತು. ಬಳೆಗಳ ಜೊತೆಗೆ ನಾನೂ ಮುಗಿದೆ ಅಂತ ಗೊತ್ತಿತ್ತು, ಆದರೆ ಬೇಡ ಅನ್ನಲು ಬಾಯಿ ಇರಲಿಲ್ಲ.

ಹೊಳೆನರಸೀಪುರದಿಂದ ಅವ್ವ, ಅಪ್ಪ, ಮೂಲೆಮನೆ ಅಜ್ಜಿ ಬಂದಿದ್ದರು. ಕೆರೆಯ ಸೋಪಾನದ ಮೇಲೆ ನನ್ನನ್ನು ಕೂರಿಸಿದರು. ಗಂಡಸರು ಏರಿಯ ಮೇಲೆ ದೂರ ನಿಂತರು. ನಮ್ಮತ್ತೆ ನನ್ನ ಹಿಂದೆ ಕೂತು ಅಳುತ್ತಿದ್ದರು. ಅಜ್ಜಿ ನನ್ನ ಎರಡೂ ಮುಂಗೈ ಹಿಡಿದುಕೊಂಡರು. ಆಗ ಏರಿಯ ಮೇಲಿಂದ ದಡದಡ ಇಳಿದು ಬಂದರು ಮದ್ರಾಸಮ್ಮ. ಅವ್ವ ಅಪ್ಪ ಹೊರಟ ಮೇಲೆ, ಮುಂದಿನ ಬಸ್ಸಿಗೆ ಒಬ್ಬರೇ ಹತ್ತಿ ಬಂದಿದ್ದರು. ಹೆಂಗಸರ ಗುಂಪನ್ನು ಮೊಣಕೈಯಲ್ಲಿ ಸರಿಸಿಕೊಂಡು ಬಂದು ನನ್ನ ಪಕ್ಕದಲ್ಲಿ, ಒದ್ದೆ ಕಲ್ಲಿನ ಮೇಲೆ, ಕೂತೇಬಿಟ್ಟರು.

"ಕೈ ಬಿಡಿ ಅಜ್ಜಿ. ಇದು ನನ್ ಕೆಲ್ಸ," ಅಂದರು.

ಅಜ್ಜಿ ಬೈಯಲು ಬಾಯಿ ತೆಗೆಯುವಷ್ಟರಲ್ಲಿ ಅವರು ಅಳಲು ಶುರು ಮಾಡಿದರು. ಅದನ್ನು ಹೇಗೆ ಹೇಳಲಿ... ಟೆಂಟಿನಲ್ಲಿ ನೋಡಿದ ಅಳು ಅದರ ಮುಂದೆ ಏನೂ ಅಲ್ಲ. ಕಂಪನಿ ನಾಟಕದಲ್ಲಿ ಕಡೆಯ ಸಾಲಿನವರಿಗೂ ಮುಟ್ಟಬೇಕಿದ್ದ ಗಂಟಲು. ಹನ್ನೊಂದು ದಿನದಿಂದ ನನ್ನ ಎದೆಯಲ್ಲಿದ್ದು ಹೊರಗೆ ಬರದೇ ಹೋದ ಮಾತುಗಳನ್ನೆಲ್ಲ ಅವರು ಆಡಿದರು. ನನ್ನ ಗಂಡನನ್ನು ಕರೆದರು. ಯಾಕೆ ಹೋದೆ ನನ್ನ ದೊರೆ ಅಂದರು. ಎಳನೀರು ಯಾರು ತರುತ್ತಾರೆ ಅಂದರು. ಯಾವುದೋ ಕಾಗದದಲ್ಲಿ ನಾನು ಅವರಿಗೆ ಅದನ್ನು ಬರೆದಿದ್ದೆ. ಆಚೆ ದಡದಲ್ಲಿ ಬಟ್ಟೆ ಒಗೆಯುತ್ತಿದ್ದವರು ಕೆಲಸ ನಿಲ್ಲಿಸಿ ಎದ್ದು ನಿಂತರು. ನಮ್ಮತ್ತೆ ನೆಲಕ್ಕೆ ಹಣೆ ಹಚ್ಚಿ ಅತ್ತರು. ಅವ್ವ ಅತ್ತಳು. ಆ ಹೈಕೋರ್ಟು ಅಜ್ಜಿ ನನ್ನ ಕೈ ಬಿಟ್ಟು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು. ನಾನೂ ಆ ದಿನವೇ ಮೊದಲ ಸಲ ಅತ್ತಿದ್ದು.

ಎಲ್ಲರೂ ಅಳುತ್ತಿರುವಾಗಲೇ ಮದ್ರಾಸಮ್ಮ ತಮ್ಮ ಎರಡೂ ಕೈ ಎತ್ತಿ ಸೋಪಾನದ ಅಂಚಿಗೆ ಹೊಡೆದರು. ಅವರ ಬಳೆ ಚೂರು ಚೂರಾಗಿ ನೀರಿಗೆ ಬಿತ್ತು. ಮುಡಿಯಲ್ಲಿದ್ದ ಹೂವನ್ನು ಕಿತ್ತು ಎಸೆದರು. ಅಂಗೈಯಿಂದ ಹಣೆಯ ಕುಂಕುಮ ಒರೆಸಿಕೊಂಡರು. ಮುಂಗೈಯಲ್ಲಿ ಗಾಜು ಚುಚ್ಚಿ ರಕ್ತ ಬರುತ್ತಿತ್ತು. ಮರುಕ್ಷಣ ಅಳು ನಿಂತುಹೋಯಿತು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಮನೆಯಲ್ಲಿ ಮಾತಾಡುವ ದನಿಯಲ್ಲಿ, "ಆಯ್ತು. ಏಳವ್ವ," ಅಂದರು ನನಗೆ.

ಅಜ್ಜಿಗೆ ಕಣ್ಣೀರಿನಲ್ಲೇ ಗಾಬರಿ. "ಅಯ್ಯೋ ನಿನ್ ಮನೆ ಕಾಯ್ವಾಗ! ಗಂಡ ಬದ್ಕಿರೋಳು ಒಡ್ಕಂಡ್ಬುಟ್ಯಲ್ಲೇ!"

"ಹನ್ನೊಂದ್ ಸಲ ಒಡ್ಕಂಡಿವ್ನಿ, ಅವ್ರು ಗುಂಡ್ಕಲ್ಲಂಗವ್ರೆ," ಅಂದರು ಮದ್ರಾಸಮ್ಮ. "ನನ್ ಬಳೆ ಒಡುದ್ರೆ ಅವ್ರೇನ್ ಸಾಯಲ್ಲ. ಈ ಮಗಿಂದು ಒಡುದ್ರೆ ಆ ಹುಡ್ಗ ಎದ್ದೂ ಬರಲ್ಲ. ನಿಮ್ಗೆ ಬಳೆ ಒಡೀಬೇಕಿತ್ತು, ಒಡೀತು. ಬಳೆ ಒಡುದ್ರೆ ಒಡ್ದಂಗೇಯ ಅಂತ ನೀವೇ ಅಲ್ವಾ ಅಜ್ಜಿ ಯೋಳಿದ್ದು? ದೇವ್ರಿಗೆ ಯಾರ್ದು ಅಂತ ಗೊತ್ತಾದದಾ?" ಮದ್ರಾಸಿನಲ್ಲಿ ಕಲಿತ ನಾಜೂಕು ಮಾತೆಲ್ಲ ಎಲ್ಲಿ ಹೋಗಿತ್ತೋ, ಅಪ್ಪಟ ರಾಮನಾಥಪುರದ ಕಡೆಯ ಮಾತು.

ಅಜ್ಜಿ ನಮ್ಮತ್ತೆಯ ಕಡೆ ತಿರುಗಿದರು. ನನ್ನ ಕೈಯಲ್ಲಿ ಹಸಿರು ಬಳೆ ಹಾಗೇ ಇದ್ದವು. ಇನ್ನು ಯಾರು ಏನೇ ಅಂದರೂ ನಿರ್ಧಾರ ನಮ್ಮತ್ತೆಯದು, ಯಾಕೆಂದರೆ ಸತ್ತಿದ್ದು ಅವರ ಮಗ. ಅವರು ನೆಲದಿಂದ ಎದ್ದು ನನ್ನ ಕೈ ನೋಡಿದರು, ಮದ್ರಾಸಮ್ಮನ ರಕ್ತದ ಕೈ ನೋಡಿದರು. "ಆಯ್ತಲ್ಲ ಶಾಸ್ತ್ರ," ಅಂದರು. "ಇನ್ನೇನ್ ನೋಡ್ತಾ ನಿಂತಿದ್ದೀರಿ, ನಡೀರಿ ಮನೇಗೆ." ಆ ತಾಯಿಗೂ ನಾನು ದಿನಾ ಕೈ ಮುಗಿಯುತ್ತೇನೆ.

ಶಾಸ್ತ್ರ ಮುಗಿದ ಮೇಲೆ ಹೆಣ್ಣನ್ನು ತವರಿಗೆ ಕರೆದುಕೊಂಡು ಹೋಗುವುದು ಪದ್ಧತಿ. ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಬಳೆಗಾರ ಕೂತಿದ್ದ. ಮದ್ರಾಸಮ್ಮ ಅವನ ಮುಂದೆ ಕೂತು, "ಯಾವ್ ಬಣ್ಣ ಹಾಕ್ಸ್ಕೊಳ್ಲಿ, ನೀನೇ ಹೇಳು," ಅಂದರು ನನಗೆ. ನಾನು ಕೆಂಪು ಅಂದೆ. ಅವನು ಅವರ ಗಾಯದ ಕೈಗೆ ತೊಡಿಸುತ್ತಿರುವಾಗ ನಾನು, ಬರಬೇಡಿ ಅಂತ ಹೇಳಿ ಕಳಿಸಿದ್ದು ನಾನೇ ಅಂದೆ. "ಗೊತ್ತು ಕಣವ್ವ, ನಿಮ್ಮಪ್ಪ ಹೇಳುದ್ರು," ಅಂದರು. ಅಷ್ಟೇ ಹೇಳಿ ಬಳೆಗಾರನಿಗೆ ನೋವಾಗದ ಹಾಗೆ ಹಾಕಪ್ಪ ಅಂದರು. ಮನೆಗೆ ಬಂದಾಗ ಜಗಲಿಯ ಮೇಲಿದ್ದ ಮೇಷ್ಟ್ರು ಆ ಕೆಂಪು ಬಳೆ ನೋಡಿ, "ಇವತ್ತೂ ಸತ್ನಾ ನಾನು?" ಅಂದರು. ಅವ್ವನಿಗೆ ಅಳುವಿನ ಮಧ್ಯೆ ನಗು ಬಂದುಬಿಟ್ಟಿತು. ಆ ಮನೆಗೂ ನಮ್ಮ ಮನೆಗೂ ಮತ್ತೆ ಮಾತು ಶುರುವಾಗಿದ್ದು ಹಾಗೆ.

ಆಮೇಲಿನದೆಲ್ಲ ಸಲೀಸಾಯಿತು ಅಂತ ಅಂದುಕೊಳ್ಳಬೇಡಿ. ನನ್ನ ಕೈಬಳೆ ನೋಡಿ ಹಾದಿ ಬದಲಿಸಿದವರು ಬೇಕಾದಷ್ಟು ಜನ. ಆದರೆ ಮದ್ರಾಸಮ್ಮ ನನ್ನನ್ನು ಮನೆಯಲ್ಲಿ ಕೂರಲು ಬಿಡಲಿಲ್ಲ. ಟೀಚರ್ ಟ್ರೈನಿಂಗಿಗೆ ಅರ್ಜಿ ತರಿಸಿ, ಪಕ್ಕದಲ್ಲಿ ಕೂತು ತುಂಬಿಸಿದರು. ಅವರಿಗೆ ಸಹಿ ಬಿಟ್ಟರೆ ಹೆಚ್ಚು ಬರೆಯಲು ಬರುತ್ತಿರಲಿಲ್ಲ, ಆದರೂ ಶಾಲೆ ಮೇಷ್ಟ್ರ ಹಾಗೆ ಬೆರಳಿಟ್ಟು ತೋರಿಸುವರು. ಹಾಸನಕ್ಕೆ ಸೇರಿದ ಮೇಲೆ ರಜಕ್ಕೆ ಬಂದಾಗಲೆಲ್ಲ ನನ್ನನ್ನು ಹಿತ್ತಿಲ ಈ ತುದಿಯಲ್ಲಿ ನಿಲ್ಲಿಸಿ, ತಾವು ಆ ತುದಿಯಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತು ಪಾಠ ಒಪ್ಪಿಸಿಕೊಳ್ಳುವರು. "ಹಿಂದಿನ್ ಬೆಂಚಿನೋನ್ಗೆ ಕೇಳಿಸ್ಬೇಕು, ಮುಂದಿನ್ ಬೆಂಚಿನೋನು ಹೆದರ್ಬಾರ್ದು. ಕಿರುಚ್ಬ್ಯಾಡ. ಹೊಟ್ಟೆಯಿಂದ ಮಾತಾಡು." ಮೂವತ್ತಾರು ವರ್ಷ ನಾನು ಪಾಠ ಮಾಡಿದ್ದು ಆ ದನಿಯಲ್ಲೇ. ನನ್ನ ಅನ್ನ ಅದು.

ಅರವತ್ತರ ದಶಕ ಮುಗಿಯುತ್ತಾ ಬಂದಾಗ ಅವರು ಹೋದರು. ಹಿಂದಿನ ದಿನ ಎದೆ ನೋವು ಅಂದಿದ್ದರಂತೆ, ಬೆಳಿಗ್ಗೆ ಏಳಲಿಲ್ಲ. ನಾನು ಚನ್ನರಾಯಪಟ್ಟಣದ ಹತ್ತಿರದ ಶಾಲೆಯಿಂದ ಬಸ್ಸು ಹಿಡಿದು ಬರುವ ಹೊತ್ತಿಗೆ ಮೈ ತೊಳೆದು ಮಲಗಿಸಿದ್ದರು. ಗಂಡನಿರುವಾಗಲೇ ಹೋದವರು, ಮುತ್ತೈದೆ ಸಾವು. ಹೋಗುವ ಮುತ್ತೈದೆಗೆ ಸಿಂಗಾರ ಮಾಡಿ ಅವಳ ಕೈಯಿಂದ ಕುಂಕುಮ ಪಡೆಯುವುದು ದೊಡ್ಡ ಪುಣ್ಯ ನಮ್ಮಲ್ಲಿ. ಗೌರಿ ಹಬ್ಬಕ್ಕೆ ಒಂದು ವರ್ಷವೂ ಕರೆಯದ ಹೆಂಗಸರೆಲ್ಲ ತಟ್ಟೆ ಹಿಡಿದುಕೊಂಡು ಬಾಗಿಲಲ್ಲಿ ಸಾಲಾಗಿ ನಿಂತಿದ್ದರು. ನಾನು ಗೋಡೆಗೆ ಒರಗಿಕೊಂಡು ನಿಂತೆ. ಬಳೆ ತೊಡಿಸುವ ಹೊತ್ತಿಗೆ ಮೇಷ್ಟ್ರು ನನ್ನ ಕಡೆ ಕೈ ತೋರಿಸಿ, "ಅವ್ಳು ತೊಡುಸ್ಲಿ," ಅಂದರು. ಗಂಡ ಸತ್ತವಳು ಮುತ್ತೈದೆಗೆ ಬಳೆ ತೊಡಿಸುವುದೆಂದರೇನು? ನಾನು ಮೂಲೆಮನೆ ಅಜ್ಜಿಯ ಮುಖ ನೋಡಿದೆ. ಅವರಿಗೆ ಆಗಲೇ ಬೆನ್ನು ಬಾಗಿತ್ತು. ಅವರೇ ಬಳೆಯ ಸರ ಬಿಚ್ಚಿ, ಒಂದೊಂದಾಗಿ ನನ್ನ ಕೈಗೆ ಕೊಡುತ್ತಾ ಹೋದರು. ಮದ್ರಾಸಮ್ಮನ ಮುಂಗೈಯ ಮೇಲೆ ಆ ಗಾಜಿನ ಗಾಯದ ಕಲೆ ಹಾಗೇ ಇತ್ತು. ನೋವಾಗದ ಹಾಗೆ ತೊಡಿಸಿದೆ.

ಮೇಷ್ಟ್ರು ಒಂದು ವರ್ಷ ಇದ್ದರು. ಟ್ರಂಕು ಯಾರ ಪಾಲಾಯಿತೋ ತಿಳಿಯದು.

ಶಾಲೆಯ ಕಾರ್ಯಕ್ರಮದಿಂದ ಬಂದ ಮೇಲೆ ತಮ್ಮನ ಮಗನಿಗೆ ಅವರ ಸಿನಿಮಾಗಳ ಹೆಸರೆಲ್ಲ ಬರೆದುಕೊಟ್ಟು, ಫೋನಿನಲ್ಲಿ ಹುಡುಕು ಅಂದೆ. ಪಾಪ, ಎರಡು ದಿನ ಹುಡುಕಿದ. ಯಾರು ಯಾರನ್ನೋ ಕೇಳಿದ. "ಅತ್ತೆ, ಒಂದೂ ಸಿಕ್ತಿಲ್ಲ. ರೀಲೆಲ್ಲ ಹಾಳಾಗಿರ್ಬೇಕು ಅಂತಾರೆ," ಅಂದ. ಆ ಮುಖ, ಆ ನಗು, ಆ ಗಂಟಲು, ಒಂದೂ ಎಲ್ಲೂ ಇಲ್ಲ. ಹನ್ನೊಂದು ಸಲ ಅತ್ತಿದ್ದೂ ಹೋಯಿತು. ಹನ್ನೆರಡನೇ ಸಲದ್ದನ್ನು ಯಾವ ಕ್ಯಾಮೆರಾನೂ ಹಿಡಿದಿರಲಿಲ್ಲ. ಅವ್ವ, ಅಪ್ಪ, ನಮ್ಮತ್ತೆ, ಮೂಲೆಮನೆ ಅಜ್ಜಿ ಎಲ್ಲ ಹೋದರು. ಅವತ್ತು ಆ ಕೆರೆಯ ಸೋಪಾನದ ಮೇಲೆ ಅವರನ್ನು ನೋಡಿದವರಲ್ಲಿ ಈಗ ನಾನೊಬ್ಬಳೇ ಉಳಿದಿದ್ದೇನೆ.